ಹೆಬ್ಬೆಟ್ಟು ಕೆಳಗೆ ಮಾಡಿದವರ ಲೆಕ್ಕ

ನಮ್ಮಪ್ಪನಿಗೆ ಯೂಟ್ಯೂಬ್ ಅಂದ್ರೆ ಕೃಷಿ ಇಲಾಖೆ, ದನದ ಡಾಕ್ಟ್ರು, ಪಂಪ್‌ಸೆಟ್ ಮೆಕ್ಯಾನಿಕ್ಕು, ಹರಿಕಥೆ ದಾಸರು ಎಲ್ಲ ಒಟ್ಟಿಗೆ. ತಿಪಟೂರು ಕಡೆ ನಮ್ಮದು ಎರಡೂವರೆ ಎಕರೆ ತೆಂಗಿನ ತೋಟ. ಅಪ್ಪನ ಕೈಗೆ ಸ್ಮಾರ್ಟ್‌ಫೋನ್ ಕೊಟ್ಟವನು ನಾನೇ, 2018ರ ದೀಪಾವಳಿಗೆ. ಮೊದಲ ಒಂದು ತಿಂಗಳು ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆಮೇಲೆ ಯಾರೋ ತೋರಿಸಿಕೊಟ್ಟರು ನೋಡಿ, ವಾರಕ್ಕೆರಡು ಸಲ ವಾಟ್ಸಾಪಿಗೆ ಒಂದು ಲಿಂಕ್ ಬರೋದು, ಹಿಂದೆಯೇ ಫೋನ್.

"ಲೋ, ಕಳ್ಸಿದ್ನಲ್ಲ, ನೋಡ್ದೇನ್ಲಾ? ಸರಿಯಾಗಿ ಹೇಳ್ತವ್ನಾ ಅವ್ನು?"

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಬಿಇ. ತೆಂಗಿನ ಬಗ್ಗೆ ಅಪ್ಪನಿಗೆ ಗೊತ್ತಿರೋದರಲ್ಲಿ ಹತ್ತರಲ್ಲೊಂದು ಪಾಲು ಕೂಡ ನನಗೆ ಗೊತ್ತಿಲ್ಲ. ಆದರೂ ಉತ್ತರ ಕೊಡ್ತಿದ್ದೆ, ಅದೂ ಹತ್ತೇ ಸೆಕೆಂಡಿನಲ್ಲಿ. ಗುಟ್ಟು ಏನಪ್ಪಾ ಅಂದ್ರೆ, ನಾನು ವಿಡಿಯೋ ನೋಡ್ತಾನೇ ಇರಲಿಲ್ಲ. ವಿಡಿಯೋ ಕೆಳಗೆ ಎರಡು ಹೆಬ್ಬೆಟ್ಟು ಇರುತ್ತಲ್ಲ, ಒಂದು ಮೇಲಕ್ಕೆ, ಒಂದು ಕೆಳಕ್ಕೆ, ಆ ಎರಡು ಸಂಖ್ಯೆ ನೋಡ್ತಿದ್ದೆ ಅಷ್ಟೇ. ಮೇಲಿನದು ಮೂರು ಸಾವಿರ, ಕೆಳಗಿನದು ಅರವತ್ತು ಅಂದ್ರೆ "ಹೂಂ ಕಣಪ್ಪಾ, ಸರಿಯಾಗೇ ಹೇಳಿದ್ದಾನೆ". ಮೇಲಿನದು ಎಂಟುನೂರು, ಕೆಳಗಿನದು ಆರುನೂರು ಅಂದ್ರೆ "ಅವನೊಬ್ಬ ಕಳ್ಳ, ಬಿಡು". ಮೂರು ವರ್ಷ ಈ ವಿದ್ಯೆ ಚೆನ್ನಾಗೇ ನಡೀತು. ಊರಲ್ಲಿ ಅಪ್ಪ, "ನನ್ ಮಗ ಬೆಂಗ್ಳೂರಲ್ ಕೂತ್ಕಂಡೇ ಕಳ್ಳರನ್ನ ಹಿಡೀತಾನೆ" ಅಂತ ಹೇಳಿಕೊಂಡು ಓಡಾಡ್ತಿದ್ದರಂತೆ.

2021ರ ನವೆಂಬರ್ 10ಕ್ಕೆ ಯೂಟ್ಯೂಬ್ ಒಂದು ಪ್ರಕಟಣೆ ಕೊಡ್ತು: ಇನ್ನು ಮುಂದೆ ಡಿಸ್‌ಲೈಕ್ ಸಂಖ್ಯೆ ಯಾರಿಗೂ ಕಾಣಿಸಲ್ಲ. ಬಟನ್ ಇರುತ್ತೆ, ಒತ್ತಬಹುದು, ಎಷ್ಟು ಜನ ಒತ್ತಿದರು ಅನ್ನೋದು ವಿಡಿಯೋ ಹಾಕಿದವರಿಗೆ ಮಾತ್ರ ಅವರ ಸ್ಟುಡಿಯೋದಲ್ಲಿ ಗೊತ್ತಾಗುತ್ತೆ. ಕಾರಣವನ್ನೂ ಕೊಟ್ಟಿದ್ದರು. ಕೆಲವರು ಗುಂಪು ಕಟ್ಟಿಕೊಂಡು ಬಂದು ಡಿಸ್‌ಲೈಕ್ ಸುರೀತಾರೆ, ಸಣ್ಣ ಚಾನೆಲ್‌ನವರೂ ಹೊಸಬರೂ ಇದಕ್ಕೆ ಹೆಚ್ಚು ಬಲಿಯಾಗ್ತಾರೆ, ಪರೀಕ್ಷೆಗೆ ಅಂತ ಸಂಖ್ಯೆ ಮುಚ್ಚಿಟ್ಟಾಗ ಈ ದಾಳಿ ಕಡಿಮೆಯಾಯ್ತು ಅಂತ.

ಜನ ಉರಿದುಬಿದ್ದರು. ನಾನೂ ಉರಿದುಬಿದ್ದೆ, ಆಫೀಸಿನ ಊಟದ ಟೇಬಲ್ಲಿನಲ್ಲಿ. ಎಲ್ಲರಿಗಿಂತ ಮಜಾ ಮಾಡಿದವನು ಜಾವೇದ್ ಕರೀಮ್. ಯೂಟ್ಯೂಬ್ ಕಟ್ಟಿದ ಮೂವರಲ್ಲಿ ಒಬ್ಬ. ಯೂಟ್ಯೂಬಿನ ಮೊಟ್ಟಮೊದಲ ವಿಡಿಯೋ, 2005ರ ಏಪ್ರಿಲ್ 23ಕ್ಕೆ ಹಾಕಿದ್ದು, ಆನೆಗಳ ಮುಂದೆ ನಿಂತು ಮಾತಾಡುವ ಹತ್ತೊಂಬತ್ತು ಸೆಕೆಂಡಿನ ವಿಡಿಯೋ, ಅದು ಅವನದೇ. ಅದರ ಕೆಳಗಿನ ವಿವರಣೆಯನ್ನ ತಿದ್ದಿ ಅಲ್ಲಿಯೇ ಕಂಪನಿಯನ್ನ ಬೈದ. ಯಾರು ಬೇಕಾದರೂ ಏನು ಬೇಕಾದರೂ ಹಾಕಬಹುದಾದ ಜಾಗದಲ್ಲಿ ಎಲ್ಲವೂ ಚೆನ್ನಾಗಿರೋಕೆ ಸಾಧ್ಯವಿಲ್ಲ, ಕೆಟ್ಟದ್ದನ್ನ ಬೇಗ ಗುರುತಿಸುವ ದಾರಿ ಮುಚ್ಚಿದರೆ ಜಾಗವೇ ಕೆಡುತ್ತೆ ಅನ್ನೋದು ಅವನ ವಾದದ ಸಾರ. ಮನೆ ಕಟ್ಟಿದವನೇ ಜಗಲಿ ಮೇಲೆ ಕೂತು ಈಗಿನ ಯಜಮಾನನಿಗೆ ಬೈತಿದ್ದ ಹಾಗಿತ್ತು.

ಇನ್ನು ಕೆಲವರು, "ಸಣ್ಣವರನ್ನ ಕಾಪಾಡೋಕೆ ಅಂತೀರಲ್ಲ, 2018ರ ಡಿಸೆಂಬರ್ ಮರೆತೋಯ್ತಾ?" ಅಂತ ಕೇಳಿದರು. ಆ ವರ್ಷ ಯೂಟ್ಯೂಬ್ ತಾನೇ ಮಾಡಿದ 'ರಿವೈಂಡ್' ಅನ್ನೋ ವಿಡಿಯೋ ಯೂಟ್ಯೂಬಿನ ಇತಿಹಾಸದಲ್ಲೇ ಅತಿ ಹೆಚ್ಚು ಡಿಸ್‌ಲೈಕ್ ಪಡೆದದ್ದಾಗಿ, ಅದುವರೆಗೆ ಆ ಪಟ್ಟದಲ್ಲಿದ್ದ ಜಸ್ಟಿನ್ ಬೀಬರ್‌ನ 'ಬೇಬಿ' ಹಾಡನ್ನ ಹಿಂದೆ ಹಾಕಿತ್ತು. ಮರ್ಯಾದೆ ಉಳಿಸಿಕೊಳ್ಳೋಕೆ ಇದೆಲ್ಲ ಅಂತ ಬಹಳ ಜನ ಈಗಲೂ ನಂಬ್ತಾರೆ. ಇರಬಹುದು, ಇಲ್ಲದಿರಬಹುದು. ಕಂಪನಿಗಳೊಳಗೆ ಕೆಲಸ ಮಾಡಿದವನಾಗಿ ಹೇಳ್ತೀನಿ, ಒಂದು ತೀರ್ಮಾನಕ್ಕೆ ಒಂದೇ ಕಾರಣ ಇರೋದನ್ನ ನಾನಂತೂ ನೋಡಿಲ್ಲ.

ಈ ತಪ್ಪನ್ನ ನಾನೂ ಮಾಡಿದ್ದೀನಿ, ಅದನ್ನ ಮುಚ್ಚಿಟ್ಟು ಮುಂದೆ ಬರೆಯೋದು ಸರಿಯಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ಮಾಡ್ತಿದ್ವಿ. ಅದರಲ್ಲಿ ಹಳೇ ಕಾಲದ್ದೊಂದು ಪ್ರಿಂಟ್ ಬಟನ್ ಇತ್ತು. ತಿಂಗಳ ಲೆಕ್ಕವನ್ನೆಲ್ಲ ಒಂದೇ ಹಾಳೆಗೆ, ದಪ್ಪ ಅಕ್ಷರದಲ್ಲಿ ತೆಗೆಯೋದು. ಗ್ರಾಫ್ ತೆಗೆದು ನೋಡಿದರೆ ನೂರು ಜನರಲ್ಲಿ ಒಬ್ಬರೂ ಅದನ್ನ ಬಳಸ್ತಿರಲಿಲ್ಲ. ಮೀಟಿಂಗ್ ಆಯ್ತು, ತೆಗೆದುಬಿಡಿ ಅಂದರು, ತೆಗೆದವನು ನಾನು. ಒಂದು ಮಧ್ಯಾಹ್ನದ ಕೆಲಸ. ನಾಲ್ಕು ಫೈಲ್ ಡಿಲೀಟ್ ಮಾಡಿದ ಖುಷಿಗೆ ಟೀ ಕುಡಿದು ಬಂದೆ.

ಆಮೇಲೆ ಒಬ್ಬ ಕಿರಾಣಿ ಹೋಲ್‌ಸೇಲ್ ವ್ಯಾಪಾರಿಯಿಂದ ಮೇಲ್ ಬರೋಕೆ ಶುರುವಾಯ್ತು. ಒಂದಲ್ಲ, ಎರಡಲ್ಲ, ಹನ್ನೊಂದು. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಅನ್ನೋ ರೆಡಿಮೇಡ್ ಉತ್ತರವನ್ನ ಹನ್ನೊಂದು ಸಲವೂ ಕಳಿಸಿದ್ವಿ. ಕೊನೆಯ ಮೇಲಿನಲ್ಲಿ ವಿಷಯ ಗೊತ್ತಾಯ್ತು. ಅವರ ಪಾಲುದಾರರಿಗೆ ಎಂಬತ್ತರ ಹತ್ತಿರ ವಯಸ್ಸು, ಸ್ಕ್ರೀನ್ ಕಾಣಿಸಲ್ಲ. ತಿಂಗಳಿಗೊಮ್ಮೆ ಆ ಹಾಳೆ ಅವರ ಮನೆಗೆ ಹೋಗ್ತಿತ್ತು, ಅವರು ಬೆರಳಿಟ್ಟು ಓದಿ ಸಹಿ ಹಾಕ್ತಿದ್ದರು. ನಲವತ್ತು ವರ್ಷದ ಪಾಲುದಾರಿಕೆಯ ನಂಬಿಕೆ ಆ ಹಾಳೆಯ ಮೇಲೆ ನಿಂತಿತ್ತು. ನಮ್ಮ ಗ್ರಾಫಿನಲ್ಲಿ ಅದು ತಿಂಗಳಿಗೆ ಒಂದು ಕ್ಲಿಕ್. ಬಟನ್ ವಾಪಸ್ ಹಾಕೋಣ ಅಂತ ನಾನು ಕೇಳಿದ್ದೂ ನಿಜ, ಎರಡನೇ ಸಲ ಕೇಳದೇ ಇದ್ದದ್ದೂ ನಿಜ.

ಈಗ ಪ್ರಶ್ನೆಗೆ ಬರ್ತೀನಿ. ಒಬ್ಬನ ವಸ್ತುವನ್ನ ಹತ್ತು ಜನ ಬಹಳ ಕಾಲ ಬಳಸಿದರೆ, ಆ ಹತ್ತು ಜನಕ್ಕೆ ಅದರ ಮೇಲೆ ಏನಾದರೂ ಹಕ್ಕು ಹುಟ್ಟುತ್ತಾ?

ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸ ಪ್ರಶ್ನೆಯೇ ಅಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ತೋಟದ ಪಕ್ಕದ ಜಮೀನು ಬೇರೆಯವರ ಕೈಗೆ ಹೋಯ್ತು. ಕೊಂಡವರು ಮೊದಲು ಮಾಡಿದ ಕೆಲಸ, ಬದುವಿನ ಮೇಲಿದ್ದ ಕಾಲುದಾರಿಗೆ ಮುಳ್ಳುಬೇಲಿ ಹಾಕಿದ್ದು. ನಾವು ಸ್ಕೂಲಿಗೆ ಹೋಗ್ತಿದ್ದದ್ದೂ, ಹೆಂಗಸರು ಮಾರಮ್ಮನ ಗುಡಿಗೆ ಹೋಗ್ತಿದ್ದದ್ದೂ ಆ ದಾರಿಯಲ್ಲೇ. ಪಂಚಾಯ್ತಿ ಸೇರಿತು. ಅವರು ಪಹಣಿ ತೋರಿಸಿದರು, ಬದು ಅವರದೇ, ಅನುಮಾನ ಇರಲಿಲ್ಲ. ನಮ್ಮ ತಾತ ಹೇಳಿದ್ದು ಇಷ್ಟೇ: "ಬದ ನಿಂದೇ ಕಣಪ್ಪ, ಯಾರಿಲ್ಲ ಅಂದೋರು. ಆದ್ರೆ ಅದ್ನ ದಾರಿ ಮಾಡ್ದೋರು ನಾವು."

ಆ ಮಾತಿಗೆ ಕಾನೂನಿನಲ್ಲೂ ಜಾಗ ಇದೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ವಕೀಲನಾಗಿರುವ ಗೆಳೆಯನಿಂದ. 1882ರ ಈಸ್‌ಮೆಂಟ್ ಕಾಯಿದೆ ಪ್ರಕಾರ ಇನ್ನೊಬ್ಬರ ಜಮೀನಿನ ಮೇಲಿನ ದಾರಿಯನ್ನ 20 ವರ್ಷ ಬಿಡುವಿಲ್ಲದೆ, ಬಹಿರಂಗವಾಗಿ, ಜಗಳವಿಲ್ಲದೆ, ಹಕ್ಕಿನವರ ಹಾಗೆ ಬಳಸಿದ್ದರೆ ಅದು ನಿಜವಾಗಲೂ ಹಕ್ಕೇ ಆಗುತ್ತೆ. ಕೇಳಿ ನನಗೆ ಬಹಳ ಸಂತೋಷ ಆಯ್ತು. ಕೂಡಲೇ ಅವನು ನೀರೆರಚಿದ: "ಆದ್ರೆ ಅನುಮತಿ ತಗೊಂಡು ನಡೆದಿದ್ರೆ ನೂರು ವರ್ಷ ಆದ್ರೂ ಹಕ್ಕು ಹುಟ್ಟಲ್ಲ." ಅನುಮತಿ ಕೊಟ್ಟವನು ಯಾವಾಗ ಬೇಕಾದರೂ ವಾಪಸ್ ತಗೋಬಹುದು. ನಾವೆಲ್ಲ ಓದದೇ ಒತ್ತುವ 'ಐ ಅಗ್ರೀ' ಇದೆಯಲ್ಲ, ಅದು ಆ ಅನುಮತಿ ಪತ್ರ. ಅಂದ್ರೆ ಈ ತರ್ಕದಲ್ಲಿ ನಾವು ಎಷ್ಟು ವರ್ಷ ನಡೆದರೂ ಅದು ದಾರಿ ಆಗೋದೇ ಇಲ್ಲ, ಅವರ ಬದುವಾಗಿಯೇ ಇರುತ್ತೆ.

ಅದೇ ಕಾಯಿದೆಯಲ್ಲಿ ಇನ್ನೊಂದು ಸಣ್ಣ ಮಾತಿದೆ, ಅದು ನನ್ನ ತಲೆಯಿಂದ ಹೋಗಿಲ್ಲ. ಕೊಟ್ಟ ಅನುಮತಿಯನ್ನ ನಂಬಿ ಒಬ್ಬ ಆ ಜಾಗದಲ್ಲಿ ಶಾಶ್ವತವಾದ ಕೆಲಸ ಮಾಡಿ, ಅದಕ್ಕೆ ಖರ್ಚೂ ಮಾಡಿದ್ದರೆ, ಆಗ ಆ ಅನುಮತಿಯನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ. ಇದನ್ನ ಯೂಟ್ಯೂಬಿಗೆ ಹಾಕಿದರೆ ಕೋರ್ಟು ನಗುತ್ತೆ, ಗೊತ್ತು. ಆದರೆ ನ್ಯಾಯದ ಪ್ರಶ್ನೆಯಾಗಿ ಕೇಳಿ ನೋಡಿ. ಹತ್ತು ಹನ್ನೊಂದು ವರ್ಷ ಕೋಟ್ಯಂತರ ಜನ ಆ ಕೆಳಮುಖದ ಹೆಬ್ಬೆಟ್ಟು ಒತ್ತಿದ್ದು ಯಾಕೆ? ನಮ್ಮ ಸಮಯ ಹಾಳಾಯ್ತು, ಹಿಂದೆ ಬರುವವರದ್ದು ಹಾಳಾಗದಿರಲಿ ಅಂತ ತಾನೇ? ಎಲ್ಲರೂ ಅಲ್ಲ, ಆದರೆ ಬಹಳ ಜನ. ಬಾವಿ ಹತ್ತಿರ ಜಾರುತ್ತೆ ಅಂತ ಗೊತ್ತಾದವನು ಅಲ್ಲೊಂದು ಮುಳ್ಳಿನ ಕೊಂಬೆ ಇಟ್ಟು ಹೋಗ್ತಾನಲ್ಲ, ಹಾಗೆ. ಆ ಸಂಖ್ಯೆಯನ್ನ ಕಂಪನಿ ಲೆಕ್ಕ ಹಾಕಿತ್ತು ನಿಜ. ಹುಟ್ಟಿಸಿದ್ದು ಜನ. ಮತ್ತೆ ಕಂಪನಿ ಅದನ್ನ ಅಳಿಸಿಹಾಕಲೂ ಇಲ್ಲ, ಇಟ್ಟುಕೊಂಡಿದೆ. ಈಗಲೂ ನಾವು ಒತ್ತುತ್ತೀವಿ, ಅವರು ಎಣಿಸ್ತಾರೆ. ವೋಟು ಹಾಕಿಸಿಕೊಂಡು ಫಲಿತಾಂಶವನ್ನ ಅಭ್ಯರ್ಥಿಯ ಕಿವಿಯಲ್ಲಿ ಮಾತ್ರ ಹೇಳಿದ ಹಾಗೆ.

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಒಳ್ಳೆ ಸಿಟ್ಟಿನ ಬರಹ ಆಗ್ತಿತ್ತು. ಆದರೆ ನನಗೊಬ್ಬಳು ತಂಗಿ ಇದ್ದಾಳೆ, ಚಿಕ್ಕಪ್ಪನ ಮಗಳು.

ಅವಳು ಡಿಗ್ರಿ ಮುಗಿಸಿ ಊರಲ್ಲೇ ಇದ್ದಾಗ ರಂಗೋಲಿ ವಿಡಿಯೋ ಮಾಡೋಕೆ ಶುರು ಮಾಡಿದಳು. ಮುಖ ತೋರಿಸ್ತಿರಲಿಲ್ಲ, ಬರೀ ಕೈ, ನೆಲ, ಚುಕ್ಕಿ. ವಿಡಿಯೋ ಹಾಕಿದ ಕಾಲು ಗಂಟೆಯಲ್ಲಿ ಹದಿನೈದು ಇಪ್ಪತ್ತು ಡಿಸ್‌ಲೈಕ್ ಬೀಳೋದು. ಪ್ರತೀ ಸಲ, ಅಷ್ಟೇ ಸಂಖ್ಯೆ. ಯಾರು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು: ಊರಿನ ಕ್ರಿಕೆಟ್ ವಾಟ್ಸಾಪ್ ಗುಂಪಿನ ಹುಡುಗರು. ಅರಳಿಕಟ್ಟೆ ಮೇಲೆ ಕೂತು ಅವಳಿಗೆ ಕೇಳೋ ಹಾಗೆ, "ಇವತ್ತು ಹದಿನೆಂಟು" ಅಂತ ಸ್ಕೋರ್ ಹೇಳ್ತಿದ್ದರು. ನೂರು ಜನ ನೋಡುವ ವಿಡಿಯೋಗೆ ಹದಿನೆಂಟು ಡಿಸ್‌ಲೈಕ್ ಅಂದ್ರೆ ಏನು ಅಂತ ಯೋಚಿಸಿ. ಚಿಕ್ಕಮ್ಮ, "ಚೆನ್ನಾಗಿಲ್ಲ ಅಂತ ಜನವೇ ಹೇಳ್ತಾವ್ರಲ್ಲ, ಬಿಟ್ಬಿಡು" ಅಂದಿದ್ದರು. ಚಿಕ್ಕಮ್ಮನಿಗೆ ಅದು ಜನರ ಮಾತು. ಹದಿನೆಂಟು ಹುಡುಗರದ್ದು ಅಂತ ಆ ಸಂಖ್ಯೆಯಲ್ಲಿ ಬರೆದಿರಲ್ಲವಲ್ಲ.

ಸಂಖ್ಯೆ ಮಾಯವಾದ ಮೇಲೆ ಒಂದು ಸಲ ಊರಿಗೆ ಹೋದಾಗ ಅವಳ ಹತ್ತಿರ ನನ್ನ ಸಿಟ್ಟನ್ನೆಲ್ಲ ತೋಡಿಕೊಂಡೆ. ಬಳಕೆದಾರರ ಹಕ್ಕು, ಪಾರದರ್ಶಕತೆ, ಏನೇನೋ. ಅವಳು ಅಕ್ಕಿ ಆರಿಸ್ತಾ ಕೇಳಿಸಿಕೊಂಡಳು. "ನಂಗಂತೂ ಈಗ್ಲೂ ಕಾಣುತ್ತಣ್ಣ. ಊರಿಗೆ ಕಾಣಲ್ಲ. ಅಷ್ಟೇ ಸಾಕು ನಂಗೆ" ಅಂದಳು. ಹುಡುಗರು ಎರಡು ತಿಂಗಳಲ್ಲಿ ಬಿಟ್ಟರಂತೆ. ಸ್ಕೋರ್ ಬೋರ್ಡೇ ಇಲ್ಲದ ಮೇಲೆ ಆಡೋಕೆ ಏನಿದೆ?

ಇದೇ ಆಟದ ದೊಡ್ಡ ರೂಪವನ್ನ ನಾವೆಲ್ಲ 2020ರ ಆಗಸ್ಟಿನಲ್ಲಿ ನೋಡಿದ್ದೀವಿ. ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡ ಮೇಲೆ ಬಾಲಿವುಡ್ಡಿನ ವಂಶಾಡಳಿತದ ಮೇಲಿದ್ದ ಸಿಟ್ಟೆಲ್ಲ 'ಸಡಕ್ 2' ಟ್ರೇಲರಿನ ಮೇಲೆ ಬಿತ್ತು. ಡಿಸ್‌ಲೈಕ್ ಕೋಟಿ ದಾಟಿತು. ನಮ್ಮ ಪಿಜಿಯಲ್ಲಿ ಟ್ರೇಲರ್ ನೋಡದವರೂ ಒತ್ತಿದ್ದರು. ಅದು ಆ ಸಿನಿಮಾದ ಬಗ್ಗೆ ಹೇಳಿದ ಅಭಿಪ್ರಾಯವೇ ಆಗಿರಲಿಲ್ಲ. ಅಂಥ ಸಂಖ್ಯೆಯನ್ನ ನಂಬಿ ನಾನು ಅಪ್ಪನ ತೆಂಗಿನ ತೋಟಕ್ಕೆ ಸಲಹೆ ಕೊಡ್ತಿದ್ದೆ.

ಹಾಗಂತ ಕಂಪನಿ ಮಾಡಿದ್ದೇ ಸರಿ ಅನ್ನೋಕೂ ಮನಸ್ಸು ಒಪ್ಪಲ್ಲ. ಸಂಖ್ಯೆ ತೋರಿಸಬೇಕಾ ಬೇಡವಾ ಅಂತ ತೀರ್ಮಾನಿಸುವ ಆಯ್ಕೆಯನ್ನ ಆಯಾ ಚಾನೆಲ್‌ನವರಿಗೇ ಬಿಡಬಹುದಿತ್ತಲ್ಲ? ಅದೇ 2021ರಲ್ಲಿ ಇನ್‌ಸ್ಟಾಗ್ರಾಂ ಲೈಕ್ ಸಂಖ್ಯೆಯ ವಿಷಯದಲ್ಲಿ ಆ ದಾರಿಯನ್ನೇ ಹಿಡೀತು, ಬೇಕಾದವರು ಮುಚ್ಚಿಕೊಳ್ಳಿ ಅಂತ. ರಂಗೋಲಿ ಹುಡುಗಿಗೂ, ಔಷಧಿ ಮಾರುವವನಿಗೂ ಒಂದೇ ಮುಸುಕು ಯಾಕೆ? ಮುಚ್ಚಿಟ್ಟಿದ್ದಾನೆ ಅಂತ ಗೊತ್ತಾದರೆ ಅದೂ ಒಂದು ಸುದ್ದಿಯೇ.

ಆಲ್ಬರ್ಟ್ ಹರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ 1970ರಲ್ಲಿ ಬರೆದ 'ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ' ಅನ್ನೋ ಪುಸ್ತಕ ಇದೆ. ಒಂದು ಸಂಸ್ಥೆ ಕೆಟ್ಟರೆ ಜನರಿಗೆ ಎರಡು ದಾರಿ ಅಂತಾನೆ: ಬಿಟ್ಟು ಹೋಗೋದು, ಇಲ್ಲಾ ಅಲ್ಲೇ ನಿಂತು ಗಲಾಟೆ ಮಾಡೋದು. ಅವನಿಗೆ ಈ ಯೋಚನೆ ಬಂದದ್ದು ನೈಜೀರಿಯಾದ ರೈಲ್ವೆ ನೋಡಿ. ರೈಲು ಕೆಟ್ಟಾಗ ದನಿ ಎತ್ತಬಲ್ಲ ಗಿರಾಕಿಗಳು ಲಾರಿಗಳ ಕಡೆ ಹೋದರು. ಉಳಿದ ಜನರ ಗಲಾಟೆ ರೈಲ್ವೆಗೆ ತಟ್ಟಲಿಲ್ಲ, ನಷ್ಟ ತುಂಬೋಕೆ ಸರ್ಕಾರ ಇತ್ತು. ನಮ್ಮ ಕಥೆಯಲ್ಲಿ ಲಾರಿಯೇ ಇಲ್ಲ. ಅಪ್ಪ ಯೂಟ್ಯೂಬ್ ಬಿಟ್ಟು ಎಲ್ಲಿಗೆ ಹೋಗ್ತಾರೆ? ಬಿಟ್ಟು ಹೋಗೋಕೆ ಆಗದ ಜಾಗದಲ್ಲಿ ಗಲಾಟೆ ಮಾಡುವ ಸಣ್ಣ ಸಾಧನವೊಂದಿತ್ತು, ಆ ಹೆಬ್ಬೆಟ್ಟು. ಜನ ಅಷ್ಟೊಂದು ಉರಿದದ್ದು ಸಂಖ್ಯೆಗಿಂತ ಇದಕ್ಕೇ ಇರಬೇಕು. ಕೆಲವರು ಸುಮ್ಮನೆ ಬೈಯದೆ ಕೆಲಸಕ್ಕಿಳಿದರು ಅನ್ನಿ. 2021ರ ಡಿಸೆಂಬರ್ 13ಕ್ಕೆ ಯೂಟ್ಯೂಬ್ ಹೊರಗಿನ ಪ್ರೋಗ್ರಾಮುಗಳಿಗೂ ಆ ಲೆಕ್ಕ ಕೊಡೋದನ್ನ ನಿಲ್ಲಿಸುವ ಮೊದಲೇ ಸಿಕ್ಕಷ್ಟನ್ನ ಕೂಡಿಟ್ಟು, ಆಮೇಲೆ ತಮ್ಮ ಬಳಕೆದಾರರು ಒತ್ತಿದ್ದರ ಮೇಲೆ ಅಂದಾಜು ಕಟ್ಟಿ ತೋರಿಸುವ 'ರಿಟರ್ನ್ ಯೂಟ್ಯೂಬ್ ಡಿಸ್‌ಲೈಕ್' ಅನ್ನೋ ಎಕ್ಸ್‌ಟೆನ್ಷನ್ ಬಂತು. ನಾನೂ ಹಾಕಿಕೊಂಡೆ, ಲ್ಯಾಪ್‌ಟಾಪಿನಲ್ಲಿ. ಅಪ್ಪನ ಲಿಂಕುಗಳು ಬರ್ತಿದ್ದದ್ದು ಫೋನಿಗೆ.

2022ರ ಮಳೆಗಾಲದಲ್ಲಿ ನಮ್ಮ ತೋಟದ ನಾಲ್ಕು ಮರಕ್ಕೆ ಕಾಂಡ ಸೋರುವ ರೋಗ ಬಂತು. ಮರದ ಮೈಯಿಂದ ಕೆಂಪು ಮಿಶ್ರಿತ ಕಂದು ರಸ ಇಳೀತಾ ಇರುತ್ತೆ. ತಾತ ಹಾಕಿದ ಮರಗಳು, ಮನೆ ಹಿಂದಿನವು. ಅಪ್ಪ ಒಂದು ಲಿಂಕ್ ಕಳಿಸಿದರು. ಕಾಂಡಕ್ಕೆ ಬೈರಿಗೆಯಲ್ಲಿ ತೂತು ಕೊರೆದು ಒಳಗೆ ಏನನ್ನೋ ತುಂಬುವ ಉಪಾಯ. ಎರಡು ಲಕ್ಷ ಜನ ನೋಡಿದ್ದರು, ಆರು ಸಾವಿರ ಲೈಕ್. ಪಕ್ಕದ ಹೆಬ್ಬೆಟ್ಟಿನ ಹತ್ತಿರ ಏನೂ ಇರಲಿಲ್ಲ. ನಾನು ಸ್ಪ್ರಿಂಟ್ ಮೀಟಿಂಗಿನಲ್ಲಿದ್ದೆ. ಫೋನ್ ಬಂತು. ಮ್ಯೂಟ್ ಮಾಡಿಕೊಂಡು ಹೊರಗೆ ಬಂದು ಹೇಳಿದೆ, "ನೋಡ್ದೆ ಕಣಪ್ಪಾ. ಸರಿಯಾಗೇ ಇದೆ."

ನಾನು ನೋಡಿರಲಿಲ್ಲ.

ತೂತಿನ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತೆ, ಅಲ್ಲೇ ಮೊಟ್ಟೆ ಇಡುತ್ತೆ, ಮರಿಗಳು ಒಳಗಿನ ತಿರುಳನ್ನ ತಿಂತಾ ಹೋಗ್ತವೆ. ಹೊರಗಿಂದ ಬಹಳ ದಿನ ಗೊತ್ತೇ ಆಗಲ್ಲ. ಕಾಂಡಕ್ಕೆ ಕಿವಿ ಇಟ್ಟರೆ ಒಳಗೆ ಕಟಕಟ ಕಡಿಯುವ ಸದ್ದು ಕೇಳಿಸುತ್ತೆ. ಮುಂದಿನ ಯುಗಾದಿಗೆ ಊರಿಗೆ ಹೋದಾಗ ಅಪ್ಪ ನನ್ನನ್ನ ಕರ್ಕೊಂಡು ಹೋಗಿ ಕಿವಿ ಇಡಿಸಿದರು. ಕೋನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿದ್ವಿ. ರೋಗ ಬಂದಾಗಲೇ ಬಂದಿದ್ದರೆ ಕೊಳೆತ ತೊಗಟೆ ಕೆತ್ತಿ ಬೋರ್ಡೋ ಮುಲಾಮು ಹಚ್ಚಿದ್ದರೆ ಸಾಕಿತ್ತು ಅಂದರು. ನಾಲ್ಕರಲ್ಲಿ ಮೂರು ಮರದ ಸುಳಿ ಬಿದ್ದುಹೋಯ್ತು.

ಡಿಸ್‌ಲೈಕ್ ಸಂಖ್ಯೆ ಕಾಣಿಸ್ತಿದ್ದರೆ ಮರ ಉಳೀತಿತ್ತಾ? ಬಹಳ ಸಲ ಕೇಳಿಕೊಂಡಿದ್ದೀನಿ. ಉಳೀತಿತ್ತು ಅಂತ ಕಂಪನಿಯ ಮೇಲೆ ಹಾಕಿಬಿಟ್ಟರೆ ನನಗೆ ಹಗುರ. ಆದರೆ ಆ ವಿಡಿಯೋಗೆ ಎಷ್ಟು ಡಿಸ್‌ಲೈಕ್ ಇತ್ತೋ, ಇತ್ತೋ ಇಲ್ಲವೋ, ನನಗೇನು ಗೊತ್ತು? ಗೊತ್ತಿರೋದು ಇಷ್ಟು: ಅಪ್ಪ ನನ್ನನ್ನ ಕೇಳಿದ್ದು ವಿಡಿಯೋ ನೋಡು ಅಂತ. ಹೆಬ್ಬೆಟ್ಟಿನ ಲೆಕ್ಕ ನೋಡು ಅಂತ ಯಾವತ್ತೂ ಕೇಳಿರಲಿಲ್ಲ. ನೋಡೋದನ್ನ ನಾನು ಯಾವತ್ತೋ ಬೇರೆಯವರಿಗೆ ವಹಿಸಿಬಿಟ್ಟಿದ್ದೆ, ಯಾರು ಅಂತ ಗೊತ್ತಿಲ್ಲದ ಸಾವಿರ ಜನಕ್ಕೆ. ಅವರು ಕಾಣದ ದಿನವೂ ನನ್ನ ಬಾಯಿ ಹಳೇ ಅಭ್ಯಾಸದಂತೆ ಉತ್ತರ ಹೇಳ್ತು.

ಅಪ್ಪನ ಹತ್ತಿರ ನಿಜ ಹೇಳಿದೆ, ಮರ ಕಡಿಸಿದ ದಿನ. ಆ ಮೂರು ಬುಡದ ಹತ್ತಿರ ಕೂತು ಬೀಡಿ ಹಚ್ಚಿದರು. "ನೋಡ್ನಿಲ್ಲ ಅಂದಿದ್ರೆ ನಾನು ಇನ್ನೊಬ್ರನ್ನ ಕೇಳ್ತಿದ್ನಲ್ಲೋ" ಅಂದರು. ಅದಾದ ಮೇಲೆ ಆ ವಿಷಯ ಎತ್ತಿಲ್ಲ. ಸುಮಾರು ಒಂದು ವರ್ಷ ಲಿಂಕೂ ಬರಲಿಲ್ಲ.

ಹೋದ ತಿಂಗಳು ಒಂದು ಬಂತು. ಎರೆಹುಳು ಗೊಬ್ಬರದ ತೊಟ್ಟಿಯ ಬಗ್ಗೆ, ಇಪ್ಪತ್ತಾರು ನಿಮಿಷ. ಮೆಟ್ರೋದಲ್ಲಿ ಅರ್ಧ, ಮನೆಗೆ ಬಂದು ಇನ್ನರ್ಧ ನೋಡಿದೆ. ಎಲ್ಲ ಮುಗಿಸಿ ಫೋನ್ ಮಾಡಿ, ಹನ್ನೆರಡನೇ ನಿಮಿಷದಲ್ಲಿ ತೊಟ್ಟಿಗೆ ನೆರಳು ಬೇಕು ಅಂತಾನೆ, ಆಮೇಲೆ ಬಿಸಿಲಲ್ಲೇ ಕಟ್ಟಿ ತೋರಿಸ್ತಾನೆ, ನನಗಂತೂ ಅರ್ಥವಾಗಲಿಲ್ಲ ಅಂದೆ.

"ಹೂಂ, ನಂಗೂ ಅಲ್ಲೇ ಅನ್ಮಾನ ಬಂತು" ಅಂದರು ಅಪ್ಪ. ಆಮೇಲೆ, "ಪೂರ್ತಿ ನೋಡ್ದಾ?" ಅಂತ ಕೇಳಿದರು.